ಅಂಗಿಗೆ ತಾಗಿದ ಕೇಬಲ್: ಹೆಡ್‌ಫೋನ್ ಪರೀಕ್ಷೆಯ ನನ್ನ ಅನುಭವ

ಹೆಡ್‌ಫೋನ್‌ಗೆ ಅಂತ ತರಿಸಿದ ಹೊಸ ಕೇಬಲ್ ಮನೆಗೆ ಬಂದ ರಾತ್ರಿ ಒಂದೂವರೆ ಪುಟ ಬರೆದಿದ್ದೆ. ಹೊಸ ಹೆಡ್‌ಫೋನ್, ಆಂಪ್ (ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್), ಡ್ಯಾಕ್ (ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ), ಏನು ಕೇಳಿದರೂ ಒಂದು ನೋಟ್‌ಬುಕ್‌ನಲ್ಲಿ ಗೀಚಿಡುವುದು ನನ್ನ ಅಭ್ಯಾಸ. ಅವತ್ತು ಬರೆದದ್ದು ಹೀಗಿದೆ: "ಹಾಡಿನ ಮುಂದಿದ್ದ ಪರದೆ ಸರಿದ ಹಾಗಾಯಿತು. ಬೇಸ್ ಗಟ್ಟಿ. ಕೊಳಲು ಊದುವವರ ಉಸಿರೂ ಕೇಳುತ್ತಿದೆ." ಈಗ ಓದಿದರೆ ನಾಚಿಕೆ ಆಗುತ್ತದೆ. ಆದರೆ ಸುಳ್ಳು ಬರೆದಿರಲಿಲ್ಲ. ನಿಜವಾಗಿಯೂ ಹಾಗೇ ಕೇಳಿಸಿತ್ತು.

ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. 1997ರಿಂದ ಇರುವ ಮಾಡೆಲ್, ಕೇಬಲ್ ಎರಡೂ ಕಡೆ ಕಳಚಿ ಬರುತ್ತದೆ. ಹೊಸ ಕೇಬಲ್‌ಗೆ ಕೊಟ್ಟ ದುಡ್ಡು ಹೆಡ್‌ಫೋನ್ ಬೆಲೆಯ ಅರ್ಧಕ್ಕೆ ಹತ್ತಿರ. ಇಷ್ಟು ಕೊಟ್ಟ ಮೇಲೆ ಕಿವಿ ಸುಮ್ನೆ ಇರುತ್ತದಾ?

ಅನುಮಾನ ಶುರುವಾಗಿದ್ದು ಅದೇ ನೋಟ್‌ಬುಕ್‌ನಿಂದ. ವಾಲ್ಯೂಮ್ ನಾಬ್ ಎಲ್ಲಿತ್ತು ಅಂತಲೂ ಬರೆದಿಟ್ಟಿದ್ದೆ. ಹಳೆ ಕೇಬಲ್ ಹೋಗುತ್ತಿದ್ದದ್ದು ಆಂಪ್‌ನ ಮಾಮೂಲಿ 6.3 ಮಿ.ಮೀ. ಸಾಕೆಟ್‌ಗೆ. ಹೊಸದಕ್ಕೆ 4.4 ಮಿ.ಮೀ. ಬ್ಯಾಲೆನ್ಸ್ಡ್ ಪ್ಲಗ್ (ಎಡ ಬಲ ಕಿವಿಗೆ ಪೂರ್ತಿ ಬೇರೆ ಬೇರೆ ತಂತಿ), ಅದರ ಸಾಕೆಟ್ಟೇ ಬೇರೆ. ಬ್ಯಾಲೆನ್ಸ್ಡ್ ಔಟ್‌ಪುಟ್ ಸಾಮಾನ್ಯವಾಗಿ ಎರಡು ಪಟ್ಟು ವೋಲ್ಟೇಜ್ ಕೊಡುತ್ತದೆ, ಅಂದರೆ 6 ಡೆಸಿಬೆಲ್ ಜಾಸ್ತಿ. ಅದು ಗೊತ್ತಿದ್ದೇ ನಾಬ್ ತಗ್ಗಿಸಿದ್ದೆ. ಆದರೆ ಕಿವಿಯ ಅಂದಾಜಿಗೆ ತಗ್ಗಿಸಿದ್ದೆ.

ಮಲ್ಟಿಮೀಟರ್ ತಂದೆ. 300 ಹರ್ಟ್ಸ್ ಟೋನ್ ಹಾಕಿ, ನಾಬನ್ನು ಅವತ್ತಿನ ಎರಡು ಜಾಗದಲ್ಲೂ ಇಟ್ಟು ಎಸಿ ವೋಲ್ಟ್ ನೋಡಿದೆ. ಹಳೆಯದಕ್ಕೆ 0.41. ಹೊಸದಕ್ಕೆ 0.58. ಸರಿಯಾಗಿ 3 ಡೆಸಿಬೆಲ್ ಜಾಸ್ತಿ. ಪರದೆ ಸರಿಸಿದವರು ಯಾರು ಅಂತ ಅಲ್ಲಿಗೆ ಗೊತ್ತಾಯಿತು.

ಸದ್ದಿನ ವಿಷಯದಲ್ಲಿ ನಮ್ಮ ಕಿವಿಗೆ ಒಂದು ಗುಣ ಇದೆ. ಮೆಲ್ಲಗಿದ್ದಾಗ ಬೇಸ್ ಕಡಿಮೆ ಕೇಳುತ್ತದೆ, ಜೋರಾದಂತೆ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿದ್ದಾರೆ. ವ್ಯತ್ಯಾಸ ಇನ್ನೂ ಚಿಕ್ಕದಾಗಿದ್ದರೆ, ಅರ್ಧ ಡೆಸಿಬೆಲ್ ಅಂದುಕೊಳ್ಳಿ, "ಜೋರಾಯಿತು" ಅಂತ ಅನ್ನಿಸುವುದೇ ಇಲ್ಲ. "ಚೆನ್ನಾಯಿತು" ಅಂತ ಅನ್ನಿಸುತ್ತದೆ. ಅದಕ್ಕೇ ಹೋಲಿಸುವ ಮೊದಲು ಎರಡನ್ನೂ 0.1 ಡೆಸಿಬೆಲ್ ಒಳಗೆ ತರಬೇಕು. ಕಷ್ಟವೇನಲ್ಲ: ಒಂದು 500 ಮಿಲಿವೋಲ್ಟ್ ತೋರಿಸಿದರೆ ಇನ್ನೊಂದು 494ರಿಂದ 506ರ ನಡುವೆ ಇರಬೇಕು, ಅಷ್ಟೆ. ಹೆಡ್‌ಫೋನ್ ಸಿಕ್ಕಿಸಿಕೊಂಡೇ ಅಳೆಯಿರಿ, ತೆಗೆದರೆ ಲೆಕ್ಕ ತಪ್ಪುತ್ತದೆ. ಸಾಧಾರಣ ಮೀಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ, ಅದಕ್ಕೇ 300 ಹರ್ಟ್ಸ್.

ಆಮೇಲೆ ತಮ್ಮನನ್ನು ಹಿಡಿದು ಕೂರಿಸಿದೆ. ಎರಡೂ ಕೇಬಲ್ ಒಂದೇ 6.3 ಸಾಕೆಟ್‌ಗೆ ಹೋಗುವ ಹಾಗೆ ಹೊಸದಕ್ಕೆ ಅಡಾಪ್ಟರ್ ಹಾಕಿದೆ. (ಇದು ಒಂದೇ ದಿಕ್ಕಿನಲ್ಲಿ ಸರಿ. ಮಾಮೂಲಿ ಪ್ಲಗ್‌ಗೆ ಅಡಾಪ್ಟರ್ ಹಾಕಿ ಬ್ಯಾಲೆನ್ಸ್ಡ್ ಸಾಕೆಟ್‌ಗೆ ಚುಚ್ಚಬೇಡಿ, ಆಂಪ್ ಸುಟ್ಟು ಹೋಗಬಹುದು.) ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಅವನು ನಾಣ್ಯ ಚಿಮ್ಮಿ, ಬಿದ್ದದ್ದನ್ನು ನೋಡಿ ಕೇಬಲ್ ಹಾಕಿ ಹೆಡ್‌ಫೋನ್ ತಲೆಗೆ ಇಡುವುದು, ನಾನು ಯಾವುದು ಅಂತ ಹೇಳುವುದು. ಹದಿನಾರು ಸಲ. ಹದಿನಾರೇ ಯಾಕೆ ಅಂದರೆ, ಸುಮ್ನೆ ಊಹೆ ಮಾಡಿದರೂ ಎಂಟು ಸರಿ ಬರುತ್ತದೆ. 12 ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ಮಾತ್ರ ನೂರಕ್ಕೆ ನಾಲ್ಕರೊಳಗೆ.

ನನಗೆ ಬಂದದ್ದು 14.

ತಮ್ಮ ಬೆರಗಾದ. ನಾನು ಬೀಗಿದೆ. ಹತ್ತು ನಿಮಿಷ ಬೀಗಿದೆ. ಆಮೇಲೆ, ನಿಜವಾಗಲೂ ಏನು ಕೇಳಿ ಹೇಳಿದೆ ಅಂತ ನನ್ನನ್ನೇ ಕೇಳಿಕೊಂಡೆ. ಕೊಳಲಲ್ಲ, ಬೇಸ್ ಅಲ್ಲ. ಹೊಸ ಕೇಬಲ್‌ಗೆ ಜಡೆ ಹೆಣೆದ ಹಾಗೆ ಬಟ್ಟೆಯ ಹೊದಿಕೆ ಇದೆ. ತಲೆ ಒಂಚೂರು ಅಲ್ಲಾಡಿದರೂ ಅದು ಅಂಗಿಗೆ ಉಜ್ಜಿ ಸರಸರ ಅನ್ನುತ್ತದೆ, ಆ ಸದ್ದು ತಂತಿಯಲ್ಲೇ ಹತ್ತಿ ಕಪ್‌ಗೆ ಬರುತ್ತದೆ. ತೂಕವೂ ಜಾಸ್ತಿ, ಕಪ್ಪನ್ನು ಕೆಳಗೆ ಎಳೆಯುತ್ತದೆ. ನಾನು ಗುರುತಿಸಿದ್ದು ಕೇಬಲ್ಲನ್ನೇ, ಆದರೆ ಅದರ ಧ್ವನಿಯನ್ನಲ್ಲ!

ಮಾರನೇ ದಿನ ಕೇಬಲ್ಲನ್ನು ಹಿಂದಕ್ಕೆ ತಿರುಗಿಸಿ, ಕುರ್ಚಿಯ ಬೆನ್ನಿಗೆ ಬಟ್ಟೆ ಕ್ಲಿಪ್ ಹಾಕಿ ಸಡಿಲವಾಗಿ ಕಚ್ಚಿಸಿದೆ. ಮೈಗೆ ತಾಗುವುದಿಲ್ಲ, ತೂಕ ತಲೆಗೆ ಬರುವುದಿಲ್ಲ. ಮತ್ತೆ ಹದಿನಾರು. ಹನ್ನೊಂದನೇ ಸಲಕ್ಕೆ ತಮ್ಮ, "ಅಣ್ಣಾ, ಯಾವುದಾದರೂ ಒಂದು ಹೇಳೋ, ನನಗೆ ನಿದ್ದೆ ಬರ್ತಿದೆ" ಅಂದ. ಕೊನೆಗೆ ಸರಿ ಬಂದದ್ದು 9.

ಲೆಕ್ಕ ಹಾಕಿದರೆ ಆಶ್ಚರ್ಯ ಏನಿಲ್ಲ. ಎರಡು ಕೇಬಲ್‌ಗಳ ರೆಸಿಸ್ಟೆನ್ಸ್ ಅಳೆದರೆ ವ್ಯತ್ಯಾಸ ಅರ್ಧ ಓಂ ಚಿಲ್ಲರೆ. ಹೆಡ್‌ಫೋನ್ 300 ಓಂ. ಇಷ್ಟರಿಂದ ಸದ್ದು ಬದಲಾಗುವುದು 0.02 ಡೆಸಿಬೆಲ್‌ನಷ್ಟು. ಅದನ್ನು ಕೇಳುವ ಕಿವಿ ಇಲ್ಲ.

ಹಾಗಂತ ಕೇಬಲ್ ಎಂದೂ ಲೆಕ್ಕಕ್ಕೇ ಬರುವುದಿಲ್ಲ ಅಂತ ಹಟ ಹಿಡಿಯುವವರ ಪಕ್ಷವೂ ನನ್ನದಲ್ಲ. ಕಿವಿಯೊಳಗೆ ಹೋಗುವ, ಹಲವು ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನ್ ತೆಗೆದುಕೊಳ್ಳಿ. ಕೆಲವದರ ಇಂಪಿಡೆನ್ಸ್ (ಫ್ರೀಕ್ವೆನ್ಸಿಗೆ ತಕ್ಕಂತೆ ಬದಲಾಗುವ ವಿದ್ಯುತ್ ತಡೆ) ಒಂದು ಫ್ರೀಕ್ವೆನ್ಸಿಯಲ್ಲಿ 8 ಓಂ, ಇನ್ನೊಂದರಲ್ಲಿ 40. ಅದಕ್ಕೆ 1 ಓಂ ಜಾಸ್ತಿ ಇರುವ ಕೇಬಲ್ ಹಾಕಿದರೆ ಒಂದು ಕಡೆ ಸದ್ದು 1 ಡೆಸಿಬೆಲ್ ಇಳಿಯುತ್ತದೆ, ಇನ್ನೊಂದು ಕಡೆ 0.2 ಮಾತ್ರ. ಸಣ್ಣದಾದರೂ ಇದು ನಿಜವಾದ ಬದಲಾವಣೆ. ಅದೇ ಇಯರ್‌ಫೋನನ್ನು 10 ಓಂ ಔಟ್‌ಪುಟ್ ಇಂಪಿಡೆನ್ಸ್ (ಆಂಪ್‌ನ ಒಳಗಿನದೇ ತಡೆ) ಇರುವ ಆಂಪ್‌ಗೆ ಹಾಕಿದರೆ ವ್ಯತ್ಯಾಸ 5 ಡೆಸಿಬೆಲ್ ಮುಟ್ಟುತ್ತದೆ. ಇದನ್ನು ಯಾರು ಬೇಕಾದರೂ ಕೇಳಬಹುದು. ಕೇಬಲ್ ತಂತಿ ಬೆಳ್ಳಿಯದೋ ತಾಮ್ರದ್ದೋ ಅನ್ನುವ ಜಗಳದಲ್ಲಿ ಈ ಮಾತೇ ಬರುವುದಿಲ್ಲ, ಅದೇ ಬೇಜಾರು.

ಆಂಪ್‌ಗಳನ್ನೂ ಇದೇ ರೀತಿ ಕೂರಿಸಿ ಕೇಳಿದೆ. ಔಟ್‌ಪುಟ್ ಇಂಪಿಡೆನ್ಸ್ ಕಡಿಮೆ ಇರುವ ಎರಡು ಟ್ರಾನ್ಸಿಸ್ಟರ್ ಆಂಪ್‌ಗಳ ನಡುವೆ ನನಗೆ ಏನೂ ವ್ಯತ್ಯಾಸ ಸಿಗಲಿಲ್ಲ, ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟಾದರೂ. ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆ ಇರುವ ಹಳೆ ಮಾದರಿ) ಮಾತ್ರ ಸುಲಭವಾಗಿ ಸಿಕ್ಕಿಬಿತ್ತು. ಎಚ್‌ಡಿ 600ರ ಮೇಲೆ 300 ಓಂ ಅಂತ ಬರೆದಿದ್ದರೂ 100 ಹರ್ಟ್ಸ್ ಆಸುಪಾಸಿನಲ್ಲಿ ಅದು 500 ದಾಟುತ್ತದೆ. ಔಟ್‌ಪುಟ್ ಇಂಪಿಡೆನ್ಸ್ 100 ಓಂ ಇರುವ ವಾಲ್ವ್ ಆಂಪ್ ಆ ಜಾಗದಲ್ಲಿ ಸುಮಾರು 1 ಡೆಸಿಬೆಲ್ ಬೇಸ್ ಹೆಚ್ಚಿಸುತ್ತದೆ. ಎಲ್ಲರೂ ಹೇಳುವ ಆ "ಬೆಚ್ಚಗಿನ" ಧ್ವನಿಯಲ್ಲಿ ಇದರದ್ದೂ ಪಾಲಿದೆ. ನನಗೆ ಅದು ಇಷ್ಟ, ಈಗಲೂ ಆಗಾಗ ಹಚ್ಚುತ್ತೇನೆ.

ಇದೆಲ್ಲದಕ್ಕಿಂತ ಜಾಸ್ತಿ ಮೋಸ ಮಾಡಿದ್ದು ಕಿವಿ ಪ್ಯಾಡ್. ಹಳೆಯ ಪ್ಯಾಡ್ ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರ ಬಂದು ಧ್ವನಿ ಬದಲಾಗುತ್ತದೆ. ಮುಚ್ಚಿದ ಹೆಡ್‌ಫೋನ್ ಆದರೆ ಕನ್ನಡಕದ ಕಡ್ಡಿ ಮಾಡುವ ಸಣ್ಣ ಸಂದಿ ಸಾಕು, ಬೇಸ್ ಸೋರಿಹೋಗುತ್ತದೆ. ನಾನು ಒಮ್ಮೆ ಹೊಸ ಡ್ಯಾಕ್ ಮತ್ತು ಹೊಸ ಪ್ಯಾಡ್ ಒಂದೇ ವಾರ ಹಾಕಿ, ಬಂದ ಹೊಗಳಿಕೆಯನ್ನೆಲ್ಲ ಡ್ಯಾಕ್‌ಗೆ ಕೊಟ್ಟಿದ್ದೆ.

ಈಗ ವೃತ್ತಿಪರರ ವಿಮರ್ಶೆ ಓದುವಾಗಲೂ ನನ್ನ ಆ ಒಂದೂವರೆ ಪುಟ ನೆನಪಿಗೆ ಬರುತ್ತದೆ. ಅವರ ಕಿವಿ ನನ್ನದಕ್ಕಿಂತ ಪಳಗಿರಬಹುದು, ಆದರೆ ವಾಲ್ಯೂಮ್ ಸರಿಮಾಡಿದ್ದಾರೋ ಇಲ್ಲವೋ ಅಂತ ಮೊದಲು ಹುಡುಕುತ್ತೇನೆ. ಆ ಮಾತು ಕಡಿಮೆ ಕಡೆ ಸಿಗುತ್ತದೆ. ಯಾವ ಹೆಡ್‌ಫೋನ್ ಪಕ್ಕದಲ್ಲಿಟ್ಟು ಹೋಲಿಸಿದರು ಅಂತ ಹೇಳದಿದ್ದರೆ ವರ್ಣನೆ ಬಿಟ್ಟು ನೇರ ತೂಕ, ಬಿಗಿತ, ಪ್ಯಾಡ್ ಸಿಗುತ್ತದಾ ಅನ್ನುವ ಭಾಗಕ್ಕೆ ಹೋಗುತ್ತೇನೆ. ಅಲ್ಲಿ ವಿಮರ್ಶಕರು ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ. ಎರಡು ಗಂಟೆ ಹಾಕಿಕೊಂಡರೆ ನೆತ್ತಿ ನೋಯುತ್ತದಾ ಅಂತ ಯಾವ ಗ್ರಾಫೂ ಹೇಳುವುದಿಲ್ಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅನ್ನುವ) ಗ್ರಾಫ್ ಇದ್ದರೆ 8 ಕಿಲೋಹರ್ಟ್ಸ್‌ವರೆಗೆ ಗಮನವಿಟ್ಟು ನೋಡುತ್ತೇನೆ. ಅದರಾಚೆ ಹೆಡ್‌ಫೋನ್ ಸ್ವಲ್ಪ ಸರಿದರೂ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ.

ಬೆಲೆಯ ಮಾತಿಗೆ ಬಂದರೆ, ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆ ನೋಡಿ, ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಬೆಲೆಗೂ ಸಂಬಂಧ ಕಾಣಲಿಲ್ಲ ಅಂತ ಪ್ರಕಟಿಸಿದರು. ಕೇಬಲ್ ಕೊಳ್ಳುವ ಮೊದಲೇ ಅದನ್ನು ಓದಿದ್ದೆ. ಓದಿಯೂ ಕೊಂಡೆ, ಏನು ಹೇಳೋದು.

ಕೇಬಲ್ ಮಾರಿಲ್ಲ. ಮೂಲ ಕೇಬಲ್ 3 ಮೀಟರ್ ಉದ್ದ, ಕುರ್ಚಿಯ ಗಾಲಿಗೆ ಸಿಕ್ಕಿ ಸಿಕ್ಕಿ ಸಾಕಾಗಿತ್ತು. ಹೊಸದು ಒಂದೂವರೆ ಮೀಟರ್. ಮೇಜಿನಿಂದ ತಲೆಗೆ ಸರಿಯಾಗಿ ಬರುತ್ತದೆ. ಬಟ್ಟೆ ಕ್ಲಿಪ್ ಮಾತ್ರ ಕುರ್ಚಿಯಲ್ಲೇ ಉಳಿದಿದೆ.