ಸೆಫ್‌ಟ್ರಯಾಕ್ಸೋನ್ ಕೊಡುವ ಮುಂಚೆ ಡ್ರಿಪ್ ಬಾಟಲಿ ನೋಡಿ

ವಾರ್ಡಿಗೆ ಹೊಸದಾಗಿ ಬಂದ ಸಿಸ್ಟರ್, ಬ್ರದರ್‌ಗಳಿಗೆ: ಸೆಫ್‌ಟ್ರಯಾಕ್ಸೋನ್ (ಆ್ಯಂಟಿಬಯಾಟಿಕ್ ಇಂಜೆಕ್ಷನ್) ಕೊಡುವ ಮುಂಚೆ ಯಾವ ಡ್ರಿಪ್ ಓಡುತ್ತಿದೆ ನೋಡಿಕೊಳ್ಳಿ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಆಗಿದ್ದರೆ ಅದರ ಜೊತೆಗೇ ಕೊಡಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಈ ಔಷಧಿಗೆ ಸೇರಿ ಗಟ್ಟಿ ಕಣಗಳಾಗುತ್ತವೆ. ಡ್ರಿಪ್ ನಿಲ್ಲಿಸಿ, ನಾರ್ಮಲ್ ಸಲೈನ್‌ನಲ್ಲಿ ಲೈನ್ ಚೆನ್ನಾಗಿ ಫ್ಲಶ್ ಮಾಡಿ, ಆಮೇಲೆ ಕೊಡಿ. ಮುಗಿದ ಮೇಲೂ ಫ್ಲಶ್ ಮಾಡಿ. 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ನಡೆಯುತ್ತಿದ್ದರೆ ಫ್ಲಶ್ ಮಾಡಿಯೂ ಕೊಡುವಂತಿಲ್ಲ, ಡಾಕ್ಟರನ್ನು ಕರೆಯಿರಿ.

‘ಅಲರ್ಜಿ ಇದೆಯಾ’ ಅಂದರೆ ಬಹಳ ಜನ ಇಲ್ಲ ಅಂದುಬಿಡುತ್ತಾರೆ. ‘ಯಾವುದಾದರೂ ಇಂಜೆಕ್ಷನ್, ಮಾತ್ರೆಗೆ ಮೈಮೇಲೆ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ’ ಅಂತ ಬಿಡಿಸಿ ಕೇಳಿ. ಪೆನಿಸಿಲಿನ್‌ಗೆ ಹಾಗಾಗಿದ್ದರೆ ಡಾಕ್ಟರಿಗೆ ತಿಳಿಸದೆ ಸೆಫ್‌ಟ್ರಯಾಕ್ಸೋನ್ ಕೊಡಬೇಡಿ. ಇನ್ನೊಂದು, ಐಎಂಗೆಂದು (ಸ್ನಾಯುವಿಗೆ ಚುಚ್ಚಲು) ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿಯಲ್ಲಿ ಕಲಸಿದ್ದನ್ನು ಐವಿಯಲ್ಲಿ (ರಕ್ತನಾಳಕ್ಕೆ) ಕೊಡಲೇಬಾರದು.