ಪೇಟೆಯ ಗೋಡೆಗೆ ಚಿತ್ರ ಬರೆಸುವವರಿಗೆ: ದಾವಣಗೆರೆಯ ಹಳೆ ಬೀದಿಗಳಿಗಾಗಿ ಒಂದು ಕೈಪಿಡಿ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳಂಥ ಹಳೆಯ ಬೀದಿಗಳಲ್ಲಿ ಜನರೇ ಸೇರಿ ಗೋಡೆಚಿತ್ರ ಬರೆಸಬೇಕೆಂದು ಹೊರಟಾಗ ಎಲ್ಲರೂ ಮೊದಲು ಕಲಾವಿದರನ್ನು ಹುಡುಕುತ್ತಾರೆ. ದೃಶ್ಯಕಲಾ ಮಹಾವಿದ್ಯಾಲಯವಿರುವ ಊರಿನಲ್ಲಿ ಅದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಸರಿಯಾದ ಗೋಡೆಯನ್ನೂ, ಅದರ ಎದುರು ದಿನವೂ ಬಾಗಿಲು ತೆರೆಯುವ ಅಂಗಡಿಯವರ ಒಪ್ಪಿಗೆಯನ್ನೂ ಪಡೆಯುವುದರಲ್ಲಿ. ಚಿತ್ರ ಮುಗಿದ ಮೇಲೆ ಅಲ್ಲಿ ಭಿತ್ತಿಪತ್ರ ಅಂಟಿಸಲು ಬಂದವನನ್ನು ತಡೆಯುವವರು ಅವರೇ ಆದುದರಿಂದ, ಅವರನ್ನು ಕೇಳದೆ ಬರೆದ ಚಿತ್ರಕ್ಕೆ ಆಯುಷ್ಯ ಕಡಿಮೆ.

ಗೋಡೆಯ ಮಾಲೀಕರಿಂದ ಬರಹದಲ್ಲಿಯೇ ಅನುಮತಿ ಪಡೆಯಬೇಕು. ಎಷ್ಟು ವರ್ಷ ಸುಣ್ಣ ಬಳಿಯದೆ ಬಿಡುವರೆಂಬುದನ್ನು ಅದರಲ್ಲಿ ಸೇರಿಸಬೇಕು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ಇರುವುದರಿಂದ, ಖಾಸಗಿ ಗೋಡೆಯಾದರೂ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು ಕ್ಷೇಮ. ಚಿತ್ರದುರ್ಗದಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಇನ್ನೂ ಎಚ್ಚರದಿಂದಿರಬೇಕು: ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಕೋಟೆಯ ಕಲ್ಲಿಗಂತೂ ಬಣ್ಣ ಸೋಕಿಸುವಂತಿಲ್ಲ. ಹತ್ತಿರದ ಮನೆಗಳ ಗೋಡೆಯಾದರೂ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು.

ಚಿತ್ರ ಉಳಿಯುವುದು, ಉದುರುವುದು ಗೋಡೆಯ ತಯಾರಿಯಲ್ಲೇ ತೀರ್ಮಾನವಾಗುತ್ತದೆ. ಹಳೆ ಪೇಟೆಯ ಗೋಡೆಗಳಲ್ಲಿ ಪದರ ಪದರವಾಗಿ ಸುಣ್ಣವಿರುತ್ತದೆ. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ, ಅದನ್ನು ಕೆರೆದು ಗಟ್ಟಿ ಗಾರೆ ಸಿಗುವವರೆಗೆ ಹೋಗದೆ ಎಷ್ಟು ದುಬಾರಿ ಎಮಲ್ಷನ್ ಬಳಿದರೂ ಮೊದಲ ಮಳೆಗಾಲಕ್ಕೇ ಹಪ್ಪಳದಂತೆ ಎದ್ದು ಬರುತ್ತದೆ. ತೇವ ತಿಳಿಯಲು ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಒಳಮೈಯಲ್ಲಿ ಹನಿಗಳು ಕಂಡರೆ ಮೊದಲು ಪ್ಯಾರಾಪೆಟ್ಟಿನ ಬಿರುಕನ್ನೋ ಸೋರುವ ಪೈಪನ್ನೋ ಸರಿಪಡಿಸಬೇಕು. ಮಂಡಕ್ಕಿ ಭಟ್ಟಿಗಳ ಸಮೀಪದ ಗೋಡೆಗಳಿಗೆ ಹೊಗೆಯ ಜಿಡ್ಡು ಹತ್ತಿರುವುದರಿಂದ ಸೋಪಿನ ಪುಡಿಯ ನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಬೇಕು. ಹೊಸ ಗಾರೆಯಾದರೆ ಕನಿಷ್ಠ 28 ದಿನ ಬಿಡಬೇಕು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಆಮೇಲೆ ಹೊರಗೋಡೆಯ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ತಳಲೇಪ), ಅದರ ಮೇಲೆ ಹೊರಗೋಡೆಗೆಂದೇ ಮಾಡಿದ ಅಕ್ರಿಲಿಕ್ ಎಮಲ್ಷನ್. ಎರಡು ಸಲ ಬಳಿಯುವುದಾದರೆ ಒಂದು ಲೀಟರ್ ಸುಮಾರು 50 ಚದರ ಅಡಿಗೆ ಬರುತ್ತದೆ. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ನಾಲ್ಕು ಲೀಟರ್ ಎಂದು ಲೆಕ್ಕ ಹಿಡಿದು, ತರಿ ಗೋಡೆಯಾದರೆ ಇನ್ನೊಂದು ಲೀಟರ್ ಸೇರಿಸಬಹುದು. ಬಿಳಿ ಬಣ್ಣಕ್ಕೆ ಸ್ಟೇನರ್ (ಬಣ್ಣ ಬರಿಸುವ ಗಾಢ ದ್ರವ) ಸುರಿದು ಗಾಢ ಬಣ್ಣ ಮಾಡುವ ಉಳಿತಾಯ ಬೇಡ. ಗಾಢ ಬಣ್ಣಗಳನ್ನು ಅಂಗಡಿಯ ಯಂತ್ರದಲ್ಲಿಯೇ ಬೆರೆಸಿಸಬೇಕು. ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಕಾವಿ ಕೆಂಪು, ಮಣ್ಣಿನ ಹಳದಿಗಳಂಥ ಆಕ್ಸೈಡ್ ಬಣ್ಣಗಳೇ ಬಾಳುತ್ತವೆ. ಹೊಳೆಯುವ ಗುಲಾಬಿ, ನಿಂಬೆಹಳದಿಗಳು ಬೇಗ ಪೇಲವವಾಗುತ್ತವೆ.

ವಿಷಯದ ಆಯ್ಕೆಗೆ ಅಂಗಡಿಯವರನ್ನೂ ಹಮಾಲರನ್ನೂ ಕೂರಿಸಿಕೊಂಡು ಮಾತಾಡಬೇಕು. ಬೆಣ್ಣೆದೋಸೆಯ ಚಿತ್ರ ಬೇಡವೆಂದಲ್ಲ, ಆದರೆ ಅದು ಹೋಟೆಲ್ ಫಲಕದಂತೆ ಕಾಣುವ ಅಪಾಯವಿದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಅರಳೆಯ ಅಂಡಿಗೆ ಹೊತ್ತ ಬೆನ್ನು, ಕಾದ ಮರಳಿನಲ್ಲಿ ಅರಳುವ ಮಂಡಕ್ಕಿ, ಅದನ್ನು ಜರಡಿ ಹಿಡಿಯುವ ಕೈ ಇವು ಆ ಬೀದಿಯವರದೇ ಚಿತ್ರಗಳು. ಉಗುಳುವುದನ್ನು ತಡೆಯಲೆಂದು ದೇವರ ಚಿತ್ರ ಬರೆಸುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಉಗುಳುವವರು ಅಲ್ಲಿಯೂ ಉಗುಳುತ್ತಾರೆ, ಜಗಳ ಮಾತ್ರ ದೊಡ್ಡದಾಗುತ್ತದೆ.

ನವೆಂಬರಿನಿಂದ ಫೆಬ್ರವರಿ ಬರೆಯಲು ಸೂಕ್ತ ಕಾಲ. ಬೇಸಿಗೆಯಲ್ಲಾದರೆ ಗೋಡೆ ಕಾಯುವ ಮುನ್ನ, ಬೆಳಿಗ್ಗೆಯೇ ಮುಗಿಸಬೇಕು. ಕಾಗದದ ನಕ್ಷೆಯಲ್ಲಿ ಒಂದು ಅಂಗುಲದ ಚೌಕಗಳನ್ನೂ ಗೋಡೆಯಲ್ಲಿ ಒಂದು ಅಡಿಯ ಚೌಕಗಳನ್ನೂ ಹಾಕಿ, ಚೌಕದಿಂದ ಚೌಕಕ್ಕೆ ಗೆರೆ ಸಾಗಿಸಿದರೆ ಅಳತೆ ತಪ್ಪದು. ನೇರ ಗೆರೆಗೆ ಗಾರೆ ಕೆಲಸದವರ ಉಪಾಯವೇ ಸಾಕು: ದಾರಕ್ಕೆ ನೀಲಿಪುಡಿ ಸವರಿ, ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ಗೆರೆ ಮೂಡುತ್ತದೆ. ಅನಂತರ ಪ್ರತಿ ಭಾಗದಲ್ಲೂ ಬಣ್ಣದ ಸಂಖ್ಯೆಯನ್ನು ಬರೆದಿಟ್ಟರೆ ಶಾಲಾಮಕ್ಕಳೂ ಅಂಗಡಿಯ ಹುಡುಗರೂ ಕೈಗೆಟಕುವಷ್ಟು ಎತ್ತರದವರೆಗೆ ತುಂಬಬಹುದು. ಸಾರುವೆ ಹತ್ತುವ ಕೆಲಸ ಅನುಭವಿಗಳಿಗೇ ಇರಲಿ. ಮುಖ, ಕೈಬೆರಳು, ಅಂಚಿನ ಗೆರೆಗಳನ್ನು ಕಲಾವಿದರೇ ಕೊನೆಗೆ ತಿದ್ದುತ್ತಾರೆ.

ಕೆಳಗಿನ ನಾಲ್ಕು ಅಡಿಗೆ ಪಾರದರ್ಶಕ ಅಕ್ರಿಲಿಕ್ ಲೇಪನ ಕೊಟ್ಟರೆ ದೂಳನ್ನೂ ಎಲೆಅಡಿಕೆಯ ಕಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಬಹುದು. ಪ್ರತಿ ಬಣ್ಣದಲ್ಲೂ ಸ್ವಲ್ಪವನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಕಂಪನಿಯ ಬಣ್ಣಸಂಖ್ಯೆಯನ್ನು ಮುಚ್ಚಳದ ಮೇಲೆ ಬರೆದು, ಗೋಡೆಯ ಹತ್ತಿರದ ಅಂಗಡಿಯೊಂದರಲ್ಲಿ ನೆರಳಿರುವ ಕಡೆ ಇಡಬೇಕು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಗೋಡೆಯನ್ನು ನೋಡಿ, ಎದ್ದ ಪದರವನ್ನು ಕೆರೆದು, ಅಷ್ಟು ಜಾಗಕ್ಕೆ ಪ್ರೈಮರ್ ಹಾಕಿಯೇ ತೇಪೆ ಹಚ್ಚಬೇಕು.