ಜೋಲಿಗೆ ತಕ್ಕ ಫೋಮ್ ಹುಡುಕಿದ್ದು: ನನ್ನ ಅನುಭವ

ಮರಗಳ ನಡುವೆ ಕಟ್ಟಿದ ಹ್ಯಾಮಕ್‌ನಲ್ಲಿ, ಅಂದರೆ ಬಟ್ಟೆಯ ಜೋಲಿಯಲ್ಲಿ, ಮಲಗಿದ್ದವನಿಗೆ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎದೆಯ ಮೇಲೆ ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿತ್ತು. ಕೆಳಗೆ ಮಾತ್ರ, ಸೊಂಟದಿಂದ ಭುಜದವರೆಗೆ, ಒದ್ದೆ ಬಟ್ಟೆ ಹಾಸಿದ ಹಾಗೆ ತಣ್ಣಗೆ. ಕೈ ಹಾಕಿ ನೋಡಿದೆ, ಒದ್ದೆಯೇನೂ ಇರಲಿಲ್ಲ. ಬರೀ ಚಳಿ.

ಮೂಡಿಗೆರೆ ಹತ್ತಿರ ಸ್ನೇಹಿತನ ಕಾಫಿ ತೋಟ, ಡಿಸೆಂಬರ್ ಕೊನೆಯ ವಾರ. ಬ್ಯಾಗಿಗೆ ಸಿಕ್ಕಿಸಿದ್ದ ಪುಟ್ಟ ಥರ್ಮಾಮೀಟರ್ 13 ಡಿಗ್ರಿ ತೋರಿಸುತ್ತಿತ್ತು. ಅದೇನು ಮಹಾ ಚಳಿ ಅಲ್ಲ. ಅದೇ ಸ್ಲೀಪಿಂಗ್ ಬ್ಯಾಗಿನಲ್ಲಿ, ಟೆಂಟಿನೊಳಗೆ, ಇದಕ್ಕಿಂತ ಜಾಸ್ತಿ ಚಳಿಯಲ್ಲಿ ಗೊರಕೆ ಹೊಡೆದಿದ್ದೇನೆ. ಹ್ಯಾಮಕ್‌ನಲ್ಲಿ ಮಾತ್ರ ಆಗಲಿಲ್ಲ. ಕೊನೆಗೆ ಎದ್ದು ತೋಟದ ಮನೆಯ ಜಗಲಿಗೆ ಹೋಗಿ, ಅಲ್ಲಿದ್ದ ಕಂಬಳಿ ಹೊದ್ದು ಮಲಗಿದೆ. ಬೆಳಗ್ಗೆ ಎಲ್ಲರೂ ನಕ್ಕರು.

ಊರಿಗೆ ಬಂದು ಹೇಳಿದರೆ ಅಮ್ಮನೂ ನಕ್ಕರು. "ಮಗೂನ ಜೋಲಿಗೆ ಹಾಕೋವಾಗ ಅಡಿಗೆ ಕೌದಿ ಮಡಿಸಿ ಹಾಕಲ್ವಾ? ಬರೀ ಸೀರೇಲಿ ಮಲಗಿಸ್ತಾರೇನೋ?"

ವಿಷಯ ಇಷ್ಟೇ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನಾವು ಮಲಗಿದಾಗ ಕೆಳಗಿನ ಪದರ ನಮ್ಮ ಭಾರಕ್ಕೆ ಚಪ್ಪಟೆಯಾಗಿ ಗಾಳಿಯೆಲ್ಲ ಹೊರಗೆ. ಉಳಿಯುವುದು ಎರಡು ತೆಳು ಬಟ್ಟೆ. ಟೆಂಟಿನಲ್ಲಿ ಆದರೆ ಅಡಿಯಲ್ಲಿ ಮ್ಯಾಟ್ ಇರುತ್ತದೆ, ಬೆನ್ನ ಕೆಳಗೆ ಗಾಳಿ ಆಡುವುದಿಲ್ಲ. ಹ್ಯಾಮಕ್‌ನಲ್ಲಿ ಬೆನ್ನ ಕೆಳಗೆ ಇಡೀ ತೋಟದ ಗಾಳಿ. ಮೈಯ ಶಾಖವನ್ನು ಅದು ರಾತ್ರಿಯಿಡೀ ಹೊತ್ತುಕೊಂಡು ಹೋಗುತ್ತಲೇ ಇರುತ್ತದೆ.

ಇದಕ್ಕೆ ಅಂತಲೇ ಅಂಡರ್‌ಕ್ವಿಲ್ಟ್ ಎಂಬ ರಜಾಯಿ ಇದೆ. ಹ್ಯಾಮಕ್‌ನ ಹೊರಗೆ, ಅಡಿಯಲ್ಲಿ ತೂಗುಹಾಕುವುದು. ಭಾರ ಬೀಳದ ಕಾರಣ ಅದು ಚಪ್ಪಟೆಯಾಗುವುದಿಲ್ಲ. ಸುಖವೇ ಬೇಕು ಅಂದರೆ ಅದೇ ಸರಿ, ಒಪ್ಪುತ್ತೇನೆ. ಆದರೆ ಹೊರದೇಶದಿಂದ ತರಿಸಿಕೊಳ್ಳುವ ಬೆಲೆ ನೋಡಿ ಸುಮ್ಮನಾದೆ. ವರ್ಷಕ್ಕೆ ನಾಲ್ಕೈದು ರಾತ್ರಿ ಮಲಗುವವನಿಗೆ ಅಷ್ಟು ಯಾಕೆ?

ಮೊದಲು ಮನೆಯಲ್ಲಿದ್ದ ಯೋಗ ಮ್ಯಾಟ್ ಒಯ್ದೆ. 6 ಮಿ.ಮೀ. ದಪ್ಪದ ಪಿವಿಸಿ. ತೂಕ ಒಂದು ಕಿಲೋ ದಾಟುತ್ತದೆ, ರಬ್ಬರಿನಂಥ ವಾಸನೆ ಬೇರೆ. ಆದರೂ ಒಂದು ಪಾಠ ಕಲಿಸಿತು. ಬೆನ್ನಿನ ನಡುಭಾಗ ಬೆಚ್ಚಗಾಯಿತು, ಭುಜ ಮತ್ತು ತೋಳು ಮಾತ್ರ ಮರಗಟ್ಟಿದವು. ನೆಲದ ಮೇಲೆ ಮಲಗಿದರೆ ಬರೀ ಬೆನ್ನು ನೆಲಕ್ಕೆ ತಾಗುತ್ತದೆ. ಜೋಲಿ ಹಾಗಲ್ಲ, ಎರಡೂ ಕಡೆಯಿಂದ ಮೇಲೆದ್ದು ಮೈಯನ್ನು ಅಪ್ಪಿಕೊಳ್ಳುತ್ತದೆ. ಭುಜ ಬಟ್ಟೆಗೆ ಒತ್ತಿಕೊಂಡೇ ಇರುತ್ತದೆ. ಅಂದರೆ ನನಗೆ ಬೇಕಾಗಿದ್ದು ಇನ್ನೂ ದಪ್ಪದ ಮ್ಯಾಟ್ ಅಲ್ಲ, ಇನ್ನೂ ಅಗಲದ್ದು. ಇದು ತಲೆಗೆ ಹೋಗಲು ಎರಡು ಟ್ರಿಪ್ ಬೇಕಾಯಿತು!

ನಡುವೆ ಸ್ನೇಹಿತನ ಗಾಳಿ ತುಂಬುವ ಮ್ಯಾಟ್ ಕೂಡ ನೋಡಿದೆ. ಬೆಚ್ಚಗೇನೋ ಇತ್ತು. ಆದರೆ ಮಗ್ಗುಲು ಬದಲಿಸಿದಾಗೆಲ್ಲ ಸೋಪಿನ ಹಾಗೆ ಜಾರಿ ಕಾಲ ಬುಡಕ್ಕೆ ಹೋಗುತ್ತಿತ್ತು.

ಬ್ರಾಂಡೆಡ್ ಫೋಮ್ ಪ್ಯಾಡ್‌ಗಳ ಲೆಕ್ಕವನ್ನೂ ಹಾಕಿದೆ. ಥರ್ಮಾರೆಸ್ಟ್‌ನ ಝಡ್ ಲೈಟ್ ಸೋಲ್ ಬಹಳ ಹೆಸರಾದದ್ದು. 410 ಗ್ರಾಂ ತೂಕ, ಆರ್ ವ್ಯಾಲ್ಯೂ 2. ಚಳಿ ತಡೆಯುವ ಶಕ್ತಿಗೆ ಕೊಡುವ ನಂಬರ್ ಇದು, ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಒಳ್ಳೆಯ ವಸ್ತುವೇ. ಆದರೆ ಅಗಲ 51 ಸೆಂ.ಮೀ. ಭುಜದ ಕಥೆ ಮತ್ತೆ ಅದೇ.

ಆಗ ನೆನಪಾಗಿದ್ದು ಆಫೀಸಿನ ಸೀಲಿಂಗ್. ಏಸಿ ಡಕ್ಟ್ ಸುತ್ತ ಕರಿ ಫೋಮ್ ಸುತ್ತಿರುತ್ತಾರಲ್ಲ, ಅದು. ಅದರಲ್ಲಿ ಎಕ್ಸ್‌ಎಲ್‌ಪಿಇ (ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್, ಒಂದು ಬಗೆಯ ಪ್ಲಾಸ್ಟಿಕ್) ಎಂಬ ಬಗೆ ಇದೆ, ಕ್ಯಾಂಪಿಂಗ್ ಮ್ಯಾಟ್‌ಗಳಿಗೂ ಬಳಸುವ ಕ್ಲೋಸ್ಡ್ ಸೆಲ್ ಫೋಮ್. ಒಂದೊಂದು ಗುಳ್ಳೆಯೂ ಮುಚ್ಚಿಕೊಂಡಿರುವುದರಿಂದ ಗಾಳಿ ಓಡಾಡುವುದಿಲ್ಲ, ನೀರು ಕುಡಿಯುವುದಿಲ್ಲ. ಹಾಸಿಗೆಯ ಸ್ಪಂಜು ಇದಕ್ಕೆ ತದ್ವಿರುದ್ಧ. ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಇಬ್ಬನಿ ಬಿದ್ದರೆ ಹೀರಿಕೊಂಡು ಕೂರುತ್ತದೆ.

ಡಕ್ಟ್ ಸಾಮಾನು ಮಾರುವ ಅಂಗಡಿಗೆ ಹೋಗಿ ಸ್ಯಾಂಪಲ್ ತುಂಡು ಕೇಳಿದೆ. ಬಾಯಿಗಿಟ್ಟುಕೊಂಡು ಜೋರಾಗಿ ಊದಿದೆ. ಅಂಗಡಿಯವರು ಕನ್ನಡಕ ಇಳಿಸಿ ನೋಡಿದರು. ಊದಿದ ಗಾಳಿ ಆಚೆ ಬಂದರೆ ಅದು ಸ್ಪಂಜಿನ ಜಾತಿ, ಬಾರದಿದ್ದರೆ ನಮ್ಮದು. ಬರಲಿಲ್ಲ. ಹೆಬ್ಬೆರಳಿಂದ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಬಿಟ್ಟೆ. ಗುಳಿ ನಿಧಾನಕ್ಕೆ ಮೇಲೆದ್ದು ಮಾಯವಾಯಿತು. ಪಕ್ಕದಲ್ಲಿದ್ದ ಪ್ಯಾಕಿಂಗ್ ಫೋಮ್, ಟಿವಿ ಡಬ್ಬದಲ್ಲಿ ಬರುವ ಬಿಳಿಯದ್ದು, ಇನ್ನೂ ಹಗುರ. ಒತ್ತಿದ ಗುರುತು ಮಾತ್ರ ಅದರಲ್ಲಿ ಹಾಗೇ ಉಳಿಯಿತು. ಒಂದೆರಡು ರಾತ್ರಿಗೆ ಅದರ ಆಯಸ್ಸು ಮುಗಿಯುತ್ತದೆ.

ಆಮೇಲೆ ಡೆನ್ಸಿಟಿ ಕೇಳಿದೆ. 33 ಅಂದರು, ಅಂದರೆ ಘನ ಮೀಟರಿಗೆ 33 ಕಿಲೋ. ಇದೊಂದು ಗೊತ್ತಿದ್ದರೆ ತಕ್ಕಡಿ ಇಲ್ಲದೆಯೇ ತೂಕದ ಅಂದಾಜು ಸಿಗುತ್ತದೆ. 10 ಮಿ.ಮೀ. ದಪ್ಪದ ಹಾಳೆ ಚದರ ಮೀಟರಿಗೆ 330 ಗ್ರಾಂ. ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದೂ ಇತ್ತು, ಬೇಡ ಅಂದೆ. ಮಿರಮಿರ ಮಿಂಚುವುದು ನೋಡಿ ಬೆಚ್ಚಗಿರುತ್ತೆ ಅನ್ನಿಸುತ್ತದೆ, ಆದರೆ ಫಾಯಿಲ್ ಶಾಖವನ್ನು ತಿರುಗಿಸಬೇಕಾದರೆ ಮುಂದೆ ಗಾಳಿಯ ಸಂದು ಬೇಕು. ಬೆನ್ನಿಗೆ ಒತ್ತಿಕೊಂಡರೆ ಆ ಕೆಲಸ ಆಗುವುದಿಲ್ಲ. ಮಗ್ಗುಲಾದಾಗೆಲ್ಲ ಚಿಪ್ಸ್ ಪ್ಯಾಕೆಟ್ ಸದ್ದು ಬೇರೆ.

ಒಂದು ಮೀಟರ್ ಅಗಲದ ರೋಲಿನಿಂದ ಎರಡು ಮೀಟರ್ ಕತ್ತರಿಸಿಕೊಂಡೆ. ಮನೆಯ ನೆಲದ ಮೇಲೆ ಹಾಸಿ, ಅದರ ಮೇಲೆ ಮಲಗಿ, ಹೆಂಡತಿಯ ಕೈಲಿ ಸೀಮೆಸುಣ್ಣದಿಂದ ಗುರುತು ಹಾಕಿಸಿದೆ. ತಲೆಯಿಂದ ಸೊಂಟದ ಕೆಳಗಿನವರೆಗೆ, ಅಂದರೆ ಒಂದು ಮೀಟರ್ ಉದ್ದಕ್ಕೆ, 75 ಸೆಂ.ಮೀ. ಅಗಲ. ಅಲ್ಲಿಂದ ಕೆಳಗೆ 75 ಸೆಂ.ಮೀ. ಉದ್ದಕ್ಕೆ 45 ಸಾಕು. ಭುಜದ ಎರಡೂ ಬದಿಗೆ ಚಾಚಿದ ಹೆಚ್ಚಿನ ಅಗಲ ರೆಕ್ಕೆಯ ಹಾಗೆ, ಕಾಲಿಗೆ ರೆಕ್ಕೆ ಯಾಕೆ? ಅಡುಗೆಮನೆ ತಕ್ಕಡಿಯಲ್ಲಿ 365 ಗ್ರಾಂ ಬಂತು. ಆರ್ ವ್ಯಾಲ್ಯೂ ಯಾರೂ ಬರೆದುಕೊಟ್ಟಿಲ್ಲ. ದಪ್ಪದ ಲೆಕ್ಕದಲ್ಲಿ ಒಂದೂವರೆ ಆಸುಪಾಸು ಇರಬೇಕು.

ಮೊದಲ ಸಲ ಹಾಗೇ ಹಾಸಿದಾಗ ಅಂಚುಗಳು ನೆಟ್ಟಗೆ ನಿಂತು ಭುಜಕ್ಕೆ ಒತ್ತಿದವು. ಬಿಚ್ಚಿ, ಎರಡೂ ರೆಕ್ಕೆಗಳ ಬುಡದಲ್ಲಿ ಬ್ಲೇಡಿನಿಂದ ಅರ್ಧ ದಪ್ಪದವರೆಗೆ ಉದ್ದಕ್ಕೆ ಗೀರಿದೆ. ಪೂರ್ತಿ ಕತ್ತರಿಸಬಾರದು. ಗೀರಿದ ಮುಖ ಕೆಳಗೆ ಬರುವ ಹಾಗೆ ಹಾಸಿದರೆ ಫೋಮ್ ಅಲ್ಲಿ ಬಾಗಿಲಿನ ಹಾಗೆ ಮಡಚಿಕೊಂಡು ಬಟ್ಟೆಯ ಜೊತೆ ಮೇಲೇಳುತ್ತದೆ.

ಇನ್ನೊಂದು ತೊಂದರೆ ಬೆವರು. ಈ ಫೋಮ್ ನೀರು ಕುಡಿಯುವುದಿಲ್ಲ ಅಂದೆನಲ್ಲ, ಬೆನ್ನಿನ ತೇವವನ್ನೂ ಆಚೆ ಬಿಡುವುದಿಲ್ಲ. ಬೆಳಗಿನ ಹೊತ್ತಿಗೆ ಬನಿಯನ್ ಅಂಟಿಕೊಳ್ಳುತ್ತದೆ. ಅಮ್ಮನ ಹಳೇ ಕಾಟನ್ ಸೀರೆಯಲ್ಲಿ ಒಂದು ಗವಸು ಹೊಲಿಸಿದೆ. ತೇವ ಹೀರುತ್ತದೆ, ಫೋಮ್ ಜಾರುವುದೂ ಕಮ್ಮಿಯಾಯಿತು. ನನ್ನದು ಒಂದೇ ಪದರದ ಹ್ಯಾಮಕ್. ಎರಡು ಪದರದ್ದಾಗಿದ್ದರೆ ನಡುವೆ ತೂರಿಸಿ ನಿಶ್ಚಿಂತೆಯಾಗಿ ಇರಬಹುದಿತ್ತು.

ಜನವರಿಯಲ್ಲಿ ಮತ್ತೆ ಅದೇ ತೋಟಕ್ಕೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ರೋಲ್ ನೋಡಿ, "ಏನ್ರೀ ಇದು, ಪೈಪಾ? ಲಗೇಜ್ ಟಿಕೆಟ್ ಆಗುತ್ತೆ" ಅಂದರು. ಎತ್ತಿ ಕೈಗೆ ಕೊಟ್ಟೆ. ತೂಕ ನೋಡಿ ನಕ್ಕು ವಾಪಸ್ ಕೊಟ್ಟರು. ಫೋಮಿನ ದೊಡ್ಡ ದೋಷ ಇದೇ, ಹಗುರ ಹೌದು, ಜಾಗ ಮಾತ್ರ ತಿನ್ನುತ್ತದೆ. ಈಗ ಬ್ಯಾಗಿನ ಒಳಗೋಡೆಗೆ ಸುತ್ತಿ ನಿಲ್ಲಿಸಿ, ನಡುವೆ ಉಳಿದ ಸಾಮಾನು ತುಂಬುತ್ತೇನೆ.

ತೋಟದಲ್ಲಿ ಸಿಲ್ವರ್ ಓಕ್ ಸಾಲು ಹ್ಯಾಮಕ್‌ಗೆ ಅಂತಲೇ ನೆಟ್ಟ ಹಾಗಿದೆ. ಕಟ್ಟಲು ಹೋದರೆ ಸ್ನೇಹಿತ ತಡೆದ. "ಅದಕ್ಕೆ ಬೇಡ ಮಾರಾಯ, ಮೆಣಸಿನ ಬಳ್ಳಿ ಇದೆ." ಬಳ್ಳಿ ಇಲ್ಲದ ಎರಡು ಮರ ಹುಡುಕುವುದರಲ್ಲಿ ಕತ್ತಲಾಯಿತು. ಹ್ಯಾಮಕ್ ತೂಗುಹಾಕುವ ಪಟ್ಟಿಯನ್ನು 30 ಡಿಗ್ರಿ ಇಳಿಜಾರಿಗೆ ಕಟ್ಟಿ, ಫೋಮನ್ನೂ ಓರೆಯಾಗಿ ಹಾಸಿ, ಅದರ ಮೇಲೆ ಓರೆಯಾಗಿ ಮಲಗಿದೆ. ಸ್ಲೀಪಿಂಗ್ ಬ್ಯಾಗಿನ ಜಿಪ್ ಪೂರ್ತಿ ಬಿಚ್ಚಿ ರಜಾಯಿಯ ಹಾಗೆ ಮೇಲೆ ಹೊದ್ದುಕೊಂಡೆ. ಹೇಗೂ ಕೆಳಗಿನ ಪದರ ಕೆಲಸಕ್ಕೆ ಬಾರದ್ದು.

ಎಚ್ಚರವಾದಾಗ ಹ್ಯಾಮಕ್ ಮೇಲೆ ಕಟ್ಟಿದ್ದ ಟಾರ್ಪಾಲಿನ ಮೇಲೆ ಇಬ್ಬನಿ ಟಪಟಪ ಬೀಳುತ್ತಿತ್ತು. ಥರ್ಮಾಮೀಟರಿನಲ್ಲಿ 12. ಬೆನ್ನು ಬೆಚ್ಚಗಿತ್ತು, ಭುಜವೂ. ಎಡ ಮೊಣಕೈ ಮಾತ್ರ ಒಮ್ಮೆ ಆಚೆ ಹೋಗಿ ಚುರುಕ್ ಅಂದಿತ್ತು. 8–9 ಡಿಗ್ರಿಗೆ ಇಳಿಯುವ ಕಡೆಗೆ ಹೋದರೆ ಬೆನ್ನಿಗೆ ಇನ್ನೊಂದು 5 ಮಿ.ಮೀ. ಹಾಳೆ ಸೇರಿಸುತ್ತೇನೆ. ಒಂದರ ಮೇಲೊಂದು ಹಾಕಿದರೆ ಆರ್ ವ್ಯಾಲ್ಯೂ ಕೂಡಿಕೊಳ್ಳುತ್ತದೆ.

ಕತ್ತರಿಸಿ ಉಳಿದ ತುಂಡುಗಳನ್ನು ಕೂರುವುದಕ್ಕೆ ಅಂತ ಒಯ್ದಿದ್ದೆ. ಬೆಳಗ್ಗೆ ಕಾಫಿ ಕೊಯ್ಲಿಗೆ ಬಂದ ಹೆಂಗಸರಲ್ಲಿ ಒಬ್ಬರು ಅದರ ಮೇಲೆ ಕೂತು ತಿಂಡಿ ತಿಂದರು, ಎದ್ದು ಹೋಗುವಾಗ ಕಂಕುಳಲ್ಲಿ ಇಟ್ಟುಕೊಂಡೇ ಹೋದರು. "ಮುಂದಿನ ಸಲ ಇನ್ನೊಂದೆರಡು ತನ್ನಿ" ಅಂದರು.